ಪಡಸಾಲೆಯೊಳಗಿನ ನಡಿಗೆ

ಆಳಂದ ತಾಲ್ಲೂಕಿನ ಸರಸಂಬಾದಲ್ಲಿರುವ ನನ್ನ ಅಕ್ಕನಿಗೆ ಅರವತ್ತು ದಾಟಿದೆ. ಸಕ್ಕರೆ ಕಾಯಿಲೆ ಜೊತೆಗೂಡಿ ಎಂಟು ವರ್ಷವಾಯಿತು. ಹೋದ ಬೇಸಗೆಯಲ್ಲಿ ಕಲಬುರಗಿಯ ವೈದ್ಯರೊಬ್ಬರು ಗುಳಿಗೆಯ ಚೀಟಿಯನ್ನು ಬರೆದುಕೊಟ್ಟು, “ದಿನಾ ಅರ್ಧ ತಾಸು ನಡೀರಿ, ಇಲ್ಲಾಂದ್ರ ಮುಂದಿನ ಸಾರಿ ಸೂಜಿ ಬರದು ಕೊಡ್ತೀನಿ” ಎಂದರಂತೆ. ಅಕ್ಕ ಊರು ಮುಟ್ಟಿದವಳೇ ನನಗೆ ಫೋನು ಮಾಡಿದಳು.

“ತಮ್ಮಾ, ನಡೀ ಅಂತ ಹೇಳೋದು ಸರಳ ಅದ. ಎಲ್ಲಿ ನಡೀಲಿ ಹೇಳು. ನಸಿಕಿನ್ಯಾಗ ಹೊಂಟ್ರ ನಾಯಿ ಬೆನ್ನ ಹತ್ತತಾವ. ಬಿಸಿಲೇರಿದ ಮ್ಯಾಲ ಹೊರಗ ಕಾಲಿಡಾಕ ಆಗಲ್ಲ. ಸಂಜೀಗಿ ಹೊಂಟ್ರ, ಎಲ್ಲಿಗಿ ಹೊಂಟೀದಿ ಎಕ್ಕಾ ಅಂತ ನಾಕು ಕಟ್ಟೀಮ್ಯಾಗ ಕುಂದರಸ್ತಾರ. ಪುಣೇದಾಗಿನ ಹುಡುಗ ಮಡಚೋ ಮಷಿನ್ ಕಳಸ್ತೀನಿ ಅಂತಾನ. ತರಸಲೋ, ಬ್ಯಾಡೋ?”

ಈ ಪ್ರಶ್ನೆ ನನ್ನ ಅಕ್ಕನೊಬ್ಬಳದೇ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಈ ಕಾಯಿಲೆಯಿದೆಯೆಂದು ಲೆಕ್ಕಹಾಕಿದೆ. ಇದು ಪಟ್ಟಣದ ಸಾಹುಕಾರರ ಕಾಯಿಲೆಯೆಂದು ನಗುತ್ತಿದ್ದ ಕಾಲ ಹೋಯಿತು. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಆದರೆ ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವ, ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಸೇರುಗಟ್ಟಲೆ ಮೆತ್ತಿಕೊಳ್ಳುವ ನಮ್ಮ ಭಾಗದಲ್ಲಿ ಆ 150 ನಿಮಿಷಗಳಿಗೆ ಜಾಗ ಹುಡುಕುವುದು, ಅದರಲ್ಲಿಯೂ ವಯಸ್ಸಾದ ಹೆಂಗಸಿಗೆ, ನಿಜವಾಗಿಯೂ ಕಷ್ಟವೇ. ಹೊಲಕ್ಕೆ ಹೋಗಿ ದುಡಿಯುವವರಿಗೆ ಈ ಯಂತ್ರದ ಗೊಡವೆ ಬೇಡ. ಊರ ಹೊರಗಿನ ರಸ್ತೆಯಲ್ಲಿ ನಿರ್ಭಯವಾಗಿ ನಡೆಯಬಲ್ಲವರಿಗೂ ಬೇಡ. ಇವೆರಡೂ ಸಾಧ್ಯವಿಲ್ಲದವರಿಗಾಗಿ ಈ ಮಾತು. ಮೂವತ್ತು ವರ್ಷ ವಿದ್ಯುತ್ ಯಂತ್ರಗಳ ಪಾಠ ಹೇಳಿ ಹೊಟ್ಟೆ ಹೊರೆದವನಾದ್ದರಿಂದ ಯಂತ್ರದ ಹೊಟ್ಟೆಯೊಳಗಿನ ಸಂಗತಿಯನ್ನೇ ನಾನು ಹೆಚ್ಚಾಗಿ ಹೇಳಿದರೆ ಓದುಗರು ಕ್ಷಮಿಸಬೇಕು.

ಟ್ರೆಡ್‌ಮಿಲ್ ಎಂಬ ಹೆಸರಿಗೆ ಒಳ್ಳೆಯ ವಂಶಾವಳಿಯೇನೂ ಇಲ್ಲ. ಇಂಗ್ಲೆಂಡಿನ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರು 1818ರಲ್ಲಿ ಸೆರೆಮನೆಯ ಕೈದಿಗಳಿಗಾಗಿ ಇಂತಹದೊಂದು ತುಳಿಗಾಲಿಯನ್ನು ಮಾಡಿಸಿದ. ಕೈದಿಗಳು ಮೆಟ್ಟಿಲು ಹತ್ತಿದಂತೆ ಅದನ್ನು ತಾಸುಗಟ್ಟಲೆ ತುಳಿಯಬೇಕಾಗಿತ್ತು. 1898ರ ಸೆರೆಮನೆ ಕಾಯಿದೆಯ ಅನಂತರ ಆ ಶಿಕ್ಷೆ ಅಲ್ಲಿ ನಿಂತುಹೋಯಿತು. ಇಂದಿನ ಪಟ್ಟಿಯ ಯಂತ್ರದ ಹುಟ್ಟು ಬೇರೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ರಾಬರ್ಟ್ ಬ್ರೂಸ್ ಎಂಬ ಹೃದಯತಜ್ಞರೂ ವೇಯ್ನ್ ಕ್ವಿಂಟನ್ ಎಂಬ ಎಂಜಿನಿಯರರೂ 1952ರ ಸುಮಾರಿಗೆ ರೋಗಿಯನ್ನು ನಡೆಸುತ್ತ ಅವನ ಹೃದಯವನ್ನು ಪರೀಕ್ಷಿಸುವುದಕ್ಕೆಂದು ಅದನ್ನು ಅಳವಡಿಸಿದರು. ಈಗಲೂ ದೊಡ್ಡ ಆಸ್ಪತ್ರೆಗಳಲ್ಲಿ ಎದೆಗೆ ತಂತಿ ಹಚ್ಚಿ ನಡೆಸುವ ಪರೀಕ್ಷೆಗೆ ಬ್ರೂಸರ ಹೆಸರೇ ಇದೆ. ಅದನ್ನು ಮನೆಗೆ ತಂದವನು ವಿಲಿಯಂ ಸ್ಟಾಬ್. 1968ರಲ್ಲಿ ಕೆನೆತ್ ಕೂಪರ್ ಎಂಬ ವೈದ್ಯನು ಬರೆದ ‘ಏರೋಬಿಕ್ಸ್’ ಪುಸ್ತಕವನ್ನು ಓದಿ, ಮಳೆ ಹಿಮಗಳಿರಲಿ, ಮನೆಯೊಳಗೇ ಓಡುವಂತಾಗಬೇಕೆಂದು ಹೊರಟವನು ಆತ. ಅಲ್ಲಿ ಹಿಮ, ಇಲ್ಲಿ ಬಿಸಿಲು, ತೊಂದರೆ ಒಂದೇ.

ಈಗ ಯಂತ್ರಕ್ಕೆ ಬರೋಣ. ಇದರಲ್ಲಿರುವುದು ಇಷ್ಟೇ: ಒಂದು ಹಲಗೆ, ಅದರ ಮೇಲೆ ಜಾರುವ ರಬ್ಬರಿನ ಪಟ್ಟಿ, ಎರಡು ತುದಿಗೆ ಎರಡು ಉರುಳೆ, ಮುಂದಿನ ಉರುಳೆಯನ್ನು ತಿರುಗಿಸುವ ಮೋಟಾರು, ಮೋಟಾರಿನ ವೇಗವನ್ನು ಹೆಚ್ಚು ಕಡಿಮೆ ಮಾಡುವ ಒಂದು ವಿದ್ಯುತ್ ಹಲಗೆ, ಹಿಡಿದುಕೊಳ್ಳಲು ಹಿಡಿಕೆಗಳು. ಅಂಗಡಿಯವರು ತೋರಿಸುವುದು ಇವುಗಳನ್ನಲ್ಲ. ಹಾಡು ಹೇಳುವ ಪೆಟ್ಟಿಗೆ, ಹನ್ನೆರಡು ಬಗೆಯ ಕಾರ್ಯಕ್ರಮ, ನಾಡಿ ಎಣಿಸುವ ತಗಡು, ಬಣ್ಣದ ಪರದೆ, ಇವನ್ನು. ಕಡಿಮೆ ಬೆಲೆಯ ಯಂತ್ರದಲ್ಲಿ ಇವೆಲ್ಲ ಇದ್ದರೆ ಆ ದುಡ್ಡು ಬೇರೆ ಯಾವುದರಿಂದಲೋ ಕಡಿತವಾಗಿದೆಯೆಂದು ತಿಳಿಯಬೇಕು. ಇಪ್ಪತ್ತು ಸಾವಿರ ರೂಪಾಯಿ ಎಂದರೆ, 2025-26ರ ಸಾಲಿಗೆ ಕೇಂದ್ರ ಸರಕಾರ ಗೊತ್ತುಮಾಡಿದ 8,000 ರೂಪಾಯಿಯ ಬೆಂಬಲ ಬೆಲೆಯಲ್ಲಿ, ಎರಡೂವರೆ ಕ್ವಿಂಟಲ್ ತೊಗರಿ. ಅದನ್ನು ಹಾಡಿನ ಪೆಟ್ಟಿಗೆಗೆ ಕೊಡುವುದು ನನಗೆ ಸರಿಕಾಣದು.

ಮೊದಲು ಮೋಟಾರು. ಪೆಟ್ಟಿಗೆಯ ಮೇಲೆ ‘4 ಅಶ್ವಶಕ್ತಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಒಂದು ಅಶ್ವಶಕ್ತಿ 746 ವ್ಯಾಟ್. ನಾಲ್ಕಕ್ಕೆ ಸುಮಾರು 3,000 ವ್ಯಾಟ್ ಆಯಿತು. ನಮ್ಮ ಮನೆಯ ಗೋಡೆಯಲ್ಲಿರುವ ಸಣ್ಣ ಸಾಕೆಟ್ಟು 230 ವೋಲ್ಟಿನಲ್ಲಿ 6 ಆಂಪಿಯರನ್ನು ತಡೆಯುವಂತಹುದು, ಅಂದರೆ 1,380 ವ್ಯಾಟ್. ಅಷ್ಟು ಸಣ್ಣ ಪ್ಲಗ್ಗು ಹೊತ್ತು ಬಂದ ಯಂತ್ರ ನಾಲ್ಕು ಕುದುರೆಗಳ ಕೆಲಸವನ್ನು ಎಲ್ಲಿಂದ ಮಾಡೀತು? ಆ ಅಂಕಿ ಸುಳ್ಳೆಂದಲ್ಲ. ಒಂದು ಕ್ಷಣ ಮೋಟಾರು ತಿಣುಕಿದಾಗ ಮುಟ್ಟಬಲ್ಲ ತುತ್ತತುದಿ ಅದು. ನಮಗೆ ಬೇಕಾದುದು ತಾಸುಗಟ್ಟಲೆ ಕಾಯದೆ ಕೊಡಬಲ್ಲ ನಿರಂತರ ಶಕ್ತಿ. ಅದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಇಲ್ಲವೆ ಬರೆದಿರುವುದೇ ಇಲ್ಲ. ಬರೆಯದಿದ್ದರೆ ಕೇಳಿ, ಹೇಳದಿದ್ದರೆ ಮುಂದಿನ ಅಂಗಡಿಗೆ ಹೋಗಿ.

ಎಷ್ಟು ಶಕ್ತಿ ಸಾಕು? ಲೆಕ್ಕ ಕಷ್ಟವಲ್ಲ. 80 ಕಿಲೋ ತೂಕದವರು ನಿಂತಾಗ ಪಟ್ಟಿ ಹಲಗೆಯ ಮೇಲೆ ಒತ್ತಿ ಜಾರುತ್ತದೆ. ಆ ಜಾರಿಕೆಗೆ ತಡೆ ತೂಕದ ಐದರಲ್ಲೊಂದು ಪಾಲು ಎಂದಿಟ್ಟುಕೊಂಡರೆ, ತಾಸಿಗೆ 5 ಕಿಲೋಮೀಟರಿನ ನಡಿಗೆಗೆ ಪಟ್ಟಿಯನ್ನು ಎಳೆಯಲು ಸುಮಾರು 220 ವ್ಯಾಟ್ ಬೇಕು. ಅಶ್ವಶಕ್ತಿಯ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಮೋಟಾರಿನ ಒಳನಷ್ಟ, ಹಿಮ್ಮಡಿ ಊರಿದಾಗಿನ ಏಟು, ಎಲ್ಲವನ್ನೂ ಸೇರಿಸಿದರೂ ನಡೆಯುವವರಿಗೆ ಒಂದೂಕಾಲರಿಂದ ಒಂದೂವರೆ ನಿರಂತರ ಅಶ್ವಶಕ್ತಿ ಧಾರಾಳವಾಯಿತು. ಓಡುವ ಹುಡುಗರಿರುವ ಮನೆಯಾದರೆ ಎರಡು, ಎರಡೂವರೆ ಬೇಕು. ಅವರಿಗೆ ಅಗ್ಗದ ಮಡಚುವ ಯಂತ್ರವೇ ಬೇಡವೆನ್ನುವುದು ನನ್ನ ಅಭಿಪ್ರಾಯ. ಹುಡುಗರು ಹೊರಗೆ ಓಡಲಿ.

ಇಲ್ಲಿ ಒಂದು ವಿಪರೀತವನ್ನು ಗಮನಿಸಬೇಕು. ಮೆಲ್ಲನೆ ನಡೆದರೆ ಯಂತ್ರಕ್ಕೆ ಶ್ರಮವಿಲ್ಲವೆಂದು ಎಲ್ಲರೂ ತಿಳಿಯುತ್ತಾರೆ. ಪಟ್ಟಿಯನ್ನು ಎಳೆಯುವ ಜಗ್ಗಾಟ ನಡೆಯುವವರ ತೂಕವನ್ನು ಅವಲಂಬಿಸಿರುತ್ತದೆಯೇ ಹೊರತು ವೇಗವನ್ನಲ್ಲ. ಜಗ್ಗಾಟಕ್ಕೆ ತಕ್ಕಷ್ಟು ವಿದ್ಯುತ್ ಪ್ರವಾಹ ಮೋಟಾರಿನ ಸುರುಳಿಗಳಲ್ಲಿ ಹರಿದೇ ತೀರುತ್ತದೆ. ಆದರೆ ಮೋಟಾರನ್ನು ತಂಪು ಮಾಡುವ ರೆಕ್ಕೆಯು ಸಾಮಾನ್ಯವಾಗಿ ಅದರ ದಂಡಕ್ಕೇ ಜೋಡಿಸಿದ್ದು. ಮೋಟಾರು ಮೆಲ್ಲನೆ ತಿರುಗಿದರೆ ಗಾಳಿಯೂ ಮೆಲ್ಲನೆ. ಆದ್ದರಿಂದ ದಪ್ಪ ಮೈಯವರು ತಾಸಿಗೆ 2 ಕಿಲೋಮೀಟರಿನಂತೆ ಮುಕ್ಕಾಲು ತಾಸು ನಡೆದರೆ, ಸಾಧಾರಣ ಮೈಯವರು 5 ಕಿಲೋಮೀಟರಿನಂತೆ ನಡೆದುದಕ್ಕಿಂತ ಮೋಟಾರು ಹೆಚ್ಚು ಕಾಯಬಹುದು. ಏಪ್ರಿಲ್ ತಿಂಗಳಲ್ಲಿ ಕೋಣೆಯ ಗಾಳಿಯೇ 38 ಡಿಗ್ರಿ ಇರುವಾಗ ಹೇಳಲೇಬೇಕಾಗಿಲ್ಲ. ಮನೆಯಲ್ಲಿ ಯಾರ ತೂಕ ಹೆಚ್ಚೋ ಅವರ ತೂಕಕ್ಕೆ ಇನ್ನೂ 20 ಕಿಲೋ ಸೇರಿಸಿ, ಅಷ್ಟನ್ನು ಹೊರಬಲ್ಲ ಯಂತ್ರವನ್ನೇ ನೋಡಬೇಕೆಂಬುದು ಇದರಿಂದ.

ಪಟ್ಟಿಯ ಅಳತೆಗೆ ಅಳತೆಯ ಟೇಪನ್ನು ಕೈಯಲ್ಲಿ ಹಿಡಿದೇ ಹೋಗಿ. ಸಾಧಾರಣ ಎತ್ತರದವರ ಹೆಜ್ಜೆ ಚುರುಕು ನಡಿಗೆಯಲ್ಲಿ 70 ಸೆಂಟಿಮೀಟರಿನಷ್ಟಿರುತ್ತದೆ. ಅದಕ್ಕೆ ಪಾದದ ಉದ್ದ 25. ಹಿಂದೆ ಮುಂದೆ ಹನ್ನೆರಡು ಹನ್ನೆರಡು ಸೆಂಟಿಮೀಟರು ಬಿಡುವು. ಹೀಗೆ 120 ಸೆಂಟಿಮೀಟರು ಉದ್ದವಾಯಿತು. ಅಗಲ 40ಕ್ಕೆ ಕಡಿಮೆಯಾದರೆ ಕಾಲು ಪಕ್ಕದ ಅಂಚನ್ನು ತುಳಿದು ಮುಗ್ಗರಿಸುವ ಭಯವುಂಟು. ಚಾಪೆಯಂತೆ ನೆಲಕ್ಕೆ ಹತ್ತಿಕೊಂಡು, ಮಂಚದ ಕೆಳಗೆ ತಳ್ಳಿಬಿಡುವ, ಹಿಡಿಕೆಯಿಲ್ಲದ ಚಿಕ್ಕ ಯಂತ್ರಗಳೂ ಈಚೆಗೆ ಬಂದಿವೆ. ಬೆಲೆಯೂ ಕಡಿಮೆ, ಜಾಗವೂ ಕಡಿಮೆ. ಮೇಜಿನ ಮುಂದೆ ಕೆಲಸ ಮಾಡುತ್ತ ನಡೆಯುವ ಪಟ್ಟಣದ ಯುವಕರಿಗೆ ಅದು ಆದೀತು. ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಅರಿವು ಮಂಕಾದವರಿಗೆ, ತಲೆ ತಿರುಗುವವರಿಗೆ, ಅದನ್ನು ಖಂಡಿತ ಕೊಡಬಾರದು. ಅಂಥವರಿಗೆ ಎರಡು ಕಡೆಯೂ ಮೊಣಕೈ ಚಾಚುವಷ್ಟು ಉದ್ದದ ಹಿಡಿಕೆ ಬೇಕು. ಯಂತ್ರ ಶುರುವಾಗುವಾಗ ತಾಸಿಗೆ 1 ಕಿಲೋಮೀಟರಿಗಿಂತ ಹೆಚ್ಚು ವೇಗ ಇರಕೂಡದು.

ಮಡಚುವ ವಿಷಯವನ್ನು ಅಂಗಡಿಯವರು ಅರ್ಧ ನಿಮಿಷದಲ್ಲಿ ಮುಗಿಸುತ್ತಾರೆ. ನಾನು ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾನಿಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಸಕ್ಕರೆ ಕಾಯಿಲೆಯವರು ದಿನಕ್ಕೊಮ್ಮೆ ಅರ್ಧ ತಾಸು ನಡೆಯುವುದಕ್ಕಿಂತ ಮೂರು ಊಟಗಳ ಅನಂತರ ಹತ್ತು ಹತ್ತು ನಿಮಿಷ ನಡೆದರೆ ಊಟದ ಮೇಲಿನ ಸಕ್ಕರೆ ಹೆಚ್ಚು ಇಳಿಯಿತೆಂದು ಕಂಡರು. ರಾತ್ರಿಯ ಊಟದ ಅನಂತರದ ನಡಿಗೆ ಅದರಲ್ಲಿಯೂ ಎದ್ದು ಕಂಡಿತು. ಮನೆಯೊಳಗಿನ ಯಂತ್ರ ರಸ್ತೆಗಿಂತ ಮೇಲೆನಿಸುವುದು ಈ ಒಂದು ವಿಷಯದಲ್ಲಿ. ರೊಟ್ಟಿ ಪಲ್ಯ ತಿಂದು ಕೈತೊಳೆದು ರಾತ್ರಿ ಎಂಟೂವರೆಗೆ ಸರಸಂಬಾದ ರಸ್ತೆಗೆ ಯಾವ ಹೆಣ್ಣುಮಗಳೂ ನಡೆಯಲೆಂದು ಹೋಗಳು. ಪಡಸಾಲೆಯಲ್ಲಿ ಹತ್ತು ನಿಮಿಷ ನಡೆದಾಳು. ಆದರೆ ದಿನಕ್ಕೆ ಮೂರು ಸಲ ಬಿಚ್ಚಿ ಮೂರು ಸಲ ಮಡಚಬೇಕಾದರೆ, ಹಲಗೆ ಎಷ್ಟು ಭಾರ, ಎತ್ತುವಾಗ ಸೊಂಟ ಎಷ್ಟು ಬಗ್ಗಬೇಕು, ಇಳಿಸುವಾಗ ತಾನೇ ಮೆಲ್ಲನೆ ಇಳಿಯುತ್ತದೆಯೋ ದಡಕ್ಕೆಂದು ಬೀಳುತ್ತದೆಯೋ, ಇವೇ ಮುಖ್ಯ. ಒಳಗೆ ಗಾಳಿಯ ಒತ್ತಡದ ಕೊಳವೆಯಿದ್ದು ಭಾರವನ್ನು ಹಿಡಿದಿಡುವ ಯಂತ್ರಕ್ಕೆ ಒಂದೆರಡು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಅಂಗಡಿಯಲ್ಲಿ ಮಡಚಿ ತೋರಿಸಬೇಕಾದವನು ಅಂಗಡಿಯ ಹುಡುಗನಲ್ಲ. ಮನೆಯಲ್ಲಿ ಅದನ್ನು ಉಪಯೋಗಿಸಬೇಕಾದವರೇ ಮಡಚಿ ನೋಡಬೇಕು. ಮಡಚಲು ಕಷ್ಟವಾದ ಯಂತ್ರ ಎಂಟು ದಿನಗಳಲ್ಲಿ ಗೋಡೆಗೆ ಒರಗಿ, ಎಂಟು ವಾರಗಳಲ್ಲಿ ಒದ್ದೆ ಸೀರೆ ಹರವುವ ಕಂಬವಾಗುವುದನ್ನು ಕಲಬುರಗಿಯ ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಇನ್ನು ಮನೆ. ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ತೊಲೆಗಳು ತಗ್ಗು. ಪಟ್ಟಿ ನೆಲದಿಂದ 12-15 ಸೆಂಟಿಮೀಟರು ಮೇಲಿರುತ್ತದೆ; ನಡೆಯುವಾಗ ತಲೆ ಇನ್ನೂ ಸ್ವಲ್ಪ ಏಳುತ್ತದೆ. ಎತ್ತರದ ಗಂಡಸರು ಮೊದಲು ತೊಲೆಯನ್ನು ನೋಡಿಕೊಳ್ಳಬೇಕು. ನೆಲಕ್ಕೆ ಹಾಸಿದ ಶಹಾಬಾದದ ಫರಸಿ ಎಷ್ಟು ಗಟ್ಟಿಯೋ ಅಷ್ಟೇ ಏರುಪೇರು. ನಾಲ್ಕು ಕಾಲೂ ಸಮನಾಗಿ ಊರದಿದ್ದರೆ ಯಂತ್ರ ತೊನೆದಾಡಿ ಪಟ್ಟಿ ಒಂದು ಪಕ್ಕಕ್ಕೆ ಸರಿಯುತ್ತದೆ. ಕಾಲುಗಳಿಗೆ ತಿರುಪು ಇರುವ ಯಂತ್ರವನ್ನು ಆರಿಸಿ, ಕೆಳಗೆ ದಪ್ಪ ರಬ್ಬರಿನ ಹಾಸನ್ನು ಹಾಕಿದರೆ ಸದ್ದೂ ಅಡಗುತ್ತದೆ. ಹಿಂಭಾಗಕ್ಕೆ 2 ಮೀಟರಿನಷ್ಟು ಬಯಲು ಬಿಡಬೇಕು. ಗೋಡೆಗೆ ಬೆನ್ನುಮಾಡಿ ಇಟ್ಟರೆ, ಕಾಲು ತಪ್ಪಿದವರು ಓಡುವ ಪಟ್ಟಿಗೂ ಗೋಡೆಗೂ ನಡುವೆ ಸಿಕ್ಕಿಬೀಳುತ್ತಾರೆ.

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮನ್ನು ಕಾಡುವುದು ವಿದ್ಯುತ್ತು. ಇಂತಹ ಯಂತ್ರಕ್ಕೆ 16 ಆಂಪಿಯರಿನ, ಮೂರು ಕಡ್ಡಿಯ, ಬೇರೆಯೇ ಒಂದು ಸಾಕೆಟ್ಟು ಬೇಕು. ಹಿಟ್ಟಿನ ಗಿರಣಿ, ನೀರಿನ ಮೋಟಾರು ಇವುಗಳ ಜೊತೆ ಒಂದೇ ತಂತಿಯಲ್ಲಿ ಅಲ್ಲ. ಭೂಸಂಪರ್ಕ ಇದ್ದೇ ತೀರಬೇಕು. ಎರೆ ಭೂಮಿ ಬೇಸಗೆಯಲ್ಲಿ ಬಾಯಿಬಿಟ್ಟಾಗ ಅರ್ಥಿಂಗ್ ಗುಂಡಿಯ ಮಣ್ಣೂ ಒಣಗಿ ತಂತಿಯ ಹಿಡಿತ ಬಿಡುತ್ತದೆ. ವಾರಕ್ಕೊಂದು ಕೊಡ ನೀರು ಅಲ್ಲಿಗೆ ಸಲ್ಲಬೇಕು. ವೋಲ್ಟೇಜು ಇಳಿದ ಹೊತ್ತಿನಲ್ಲಿ ದೀಪ ಮಂಕಾಗಿರುವಾಗ ಯಂತ್ರವನ್ನು ಹಚ್ಚಬೇಡಿ; ಒಳಗಿನ ವಿದ್ಯುತ್ ಹಲಗೆ ಕೆಟ್ಟುಹೋಗುವುದು ಬಹುತೇಕ ಇಂತಹ ಏರಿಳಿತದಿಂದಲೇ. ತಕ್ಕ ಸ್ಟೆಬಿಲೈಸರನ್ನು ಯಂತ್ರದ ಬೆಲೆಯಲ್ಲಿಯೇ ಸೇರಿಸಿ ಲೆಕ್ಕ ಹಾಕುವುದು ಜಾಣತನ. ದೀಪ ಫ್ಯಾನುಗಳಿಗಾಗಿ ಇಟ್ಟ ಇನ್ವರ್ಟರಿಗೆ ಇದನ್ನು ಜೋಡಿಸಕೂಡದು. ನಡೆಯುತ್ತಿರುವಾಗ ಕರೆಂಟು ಹೋದರೆ ಪಟ್ಟಿ ನಿಲ್ಲುತ್ತದೆ, ಮೈ ಮಾತ್ರ ಮುಂದಕ್ಕೆ ವಾಲುತ್ತದೆ. ಒಂದು ಕೈ ಹಿಡಿಕೆಯ ಹತ್ತಿರವೇ ಇರಬೇಕೆನ್ನುವುದು ನಮ್ಮ ಊರುಗಳಿಗೆ ಇಮ್ಮಡಿ ಅನ್ವಯ. ಕರೆಂಟು ಮರಳಿದಾಗ ಯಂತ್ರ ತಾನೇ ತಾನಾಗಿ ಓಡಲು ಶುರುವಾಗಬಾರದು. ಇದನ್ನು ಅಂಗಡಿಯಲ್ಲಿಯೇ ಪ್ಲಗ್ಗು ಕಿತ್ತು, ಮತ್ತೆ ಹಾಕಿ ಪರೀಕ್ಷಿಸಬಹುದು. ಅಂಗಡಿಯವರು ಮುಖ ಸಿಂಡರಿಸಿದರೂ ಬಿಡಬೇಡಿ.

ಖರ್ಚು ದೊಡ್ಡದಲ್ಲ. ದಿನಕ್ಕೆ ಅರ್ಧ ತಾಸು, 500 ವ್ಯಾಟಿನಂತೆ, ತಿಂಗಳಿಗೆ ಏಳೆಂಟು ಯೂನಿಟ್ಟು. 2023ರಲ್ಲಿ ಬಂದ ಗೃಹಜ್ಯೋತಿಯ ರಿಯಾಯಿತಿಯು ಹಿಂದಿನ ಬಳಕೆಯ ಸರಾಸರಿಯನ್ನು ನೋಡಿ ಗೊತ್ತಾಗುವುದರಿಂದ, ಮಿತವಾಗಿ ಉರಿಸುವ ಮನೆಯವರು ಮಾತ್ರ ಈ ಏಳೆಂಟನ್ನು ಒಮ್ಮೆ ಕೂಡಿ ನೋಡಿಕೊಳ್ಳಬೇಕು.

ಅಪಾಯದ ಮಾತು ಒಂದಿದೆ. ಅದನ್ನು ಮೆಲುದನಿಯಲ್ಲಿ ಹೇಳಲಾಗದು. 2021ರಲ್ಲಿ ಅಮೆರಿಕದ ಪೆಲೊಟಾನ್ ಎಂಬ ಹೆಸರಾಂತ ಕಂಪನಿ, ಮಕ್ಕಳು ಯಂತ್ರದ ಹಿಂಭಾಗದ ಅಡಿಗೆ ಸೆಳೆಯಲ್ಪಟ್ಟು ಗಾಯಗೊಂಡುದರಿಂದ, ಒಂದು ಮಗು ಸತ್ತೂ ಹೋದುದರಿಂದ, ಸುಮಾರು 1,25,000 ಯಂತ್ರಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಲಕ್ಷಗಟ್ಟಲೆ ಬೆಲೆಯ ಯಂತ್ರದ ಕಥೆಯೇ ಹೀಗಾದರೆ ಅಗ್ಗದ್ದಕ್ಕೆ ಇನ್ನೆಷ್ಟು ಎಚ್ಚರ ಬೇಕು! ಪ್ರತಿ ಯಂತ್ರಕ್ಕೂ ದಾರ ಕಟ್ಟಿದ ಒಂದು ಕೆಂಪು ಕೀಲಿ ಇರುತ್ತದೆ. ದಾರದ ಕೊನೆಯನ್ನು ಬಟ್ಟೆಗೆ ಸಿಕ್ಕಿಸಿಕೊಂಡು ನಡೆದರೆ, ಬಿದ್ದಾಗ ಕೀಲಿ ಕಿತ್ತುಬಂದು ಪಟ್ಟಿ ನಿಲ್ಲುತ್ತದೆ. ನಡೆದು ಮುಗಿದ ಮೇಲೆ ಆ ಕೀಲಿ ಮೊಮ್ಮಕ್ಕಳಿಗೆ ನಿಲುಕದ ಗೂಟಕ್ಕೆ ಏರಬೇಕು. ಪ್ಲಗ್ಗು ಗೋಡೆಯಿಂದ ಹೊರಬರಬೇಕು. ಸೀರೆಯ ಸೆರಗು, ಧೋತರದ ಚುಂಗು, ಓಢಣಿ ಇವು ಪಟ್ಟಿಗೆ ಬಲು ಪ್ರಿಯವಾದ ಆಹಾರ. ಸೆರಗನ್ನು ಸೊಂಟಕ್ಕೆ ಬಿಗಿದು, ನಿರಿಗೆಯನ್ನು ಕಾಲ್ಮಣಿಕಟ್ಟಿಗಿಂತ ಮೇಲೆತ್ತಿ ನಡೆಯಬೇಕು. ಬರಿಗಾಲಿನಲ್ಲಿ ಸಲ್ಲದು, ಸಕ್ಕರೆ ಕಾಯಿಲೆಯವರ ಅಂಗಾಲಿಗೆ ಎದ್ದ ಬೊಬ್ಬೆ ಅವರಿಗೇ ತಿಳಿಯದೆ ಹುಣ್ಣಾಗುತ್ತದೆ. ಬೂಟು ತೊಟ್ಟು ನಡೆದು, ಮುಗಿದ ಮೇಲೆ ಪಾದವನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸವಾಗಲಿ. ನಡೆಯುವಾಗ ಎದೆ ಹಿಡಿದಂತಾದರೆ ಯಂತ್ರವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿಗೆ ಹೊರಡಬೇಕು.

ಕೊಳ್ಳುವ ಹೊತ್ತಿಗೆ ಮಾತು ಚಿಕ್ಕದು. ಯಂತ್ರದ ಮೇಲೆ ಐಎಸ್‌ಒ 20957 ಎಂಬ ಗುರುತು, ಮನೆಬಳಕೆಯದೆಂದು ಸೂಚಿಸುವ ‘ಎಚ್’ ಅಕ್ಷರ ಇದ್ದರೆ ಒಳ್ಳೆಯದು. ಹತ್ತು ನಿಮಿಷ ಅದರ ಮೇಲೆ ನಡೆಯದೆ ಹಣ ಕೊಡಬೇಡಿ. ಮೋಟಾರಿಗೆ ಮೂರು ವರ್ಷ, ಐದು ವರ್ಷ ಎಂದು ಖಾತರಿ ಹೇಳುತ್ತಾರೆ. ಮೊದಲು ಕೆಡುವ ವಿದ್ಯುತ್ ಹಲಗೆಗೆ ಎಷ್ಟು ವರ್ಷವೆಂದು ಕೇಳಿ. ಕೆಟ್ಟರೆ ದುರಸ್ತಿಗೆ ಬರುವವನು ಎಲ್ಲಿಂದ ಬರುತ್ತಾನೆ? ಕಲಬುರಗಿಯಿಂದ ಆಳಂದಕ್ಕೇ ಸುಮಾರು 40 ಕಿಲೋಮೀಟರು. ಹಳ್ಳಿಯವರೆಗೆ ಬರುವ ಮಾತನ್ನು ರಸೀದಿಯ ಬೆನ್ನಿಗೆ ಬರೆಸಿಕೊಳ್ಳಿ. ಅಂಚೆಯ ಮೇಲೆ ತರಿಸುವವರಿಗಂತೂ ಇದೇ ಮೊದಲ ಪ್ರಶ್ನೆಯಾಗಬೇಕು. ಐವತ್ತು ಕಿಲೋ ಪೆಟ್ಟಿಗೆಯನ್ನು ಹಿಂದಕ್ಕೆ ಕಳಿಸುವುದು ಹುಡುಗಾಟವಲ್ಲ. ಬಳಸಿದ ಯಂತ್ರ ಅರ್ಧ ಬೆಲೆಗೆ ಸಿಕ್ಕರೆ ಪಟ್ಟಿಯ ಕೆಳಗೆ ಕೈಹಾಕಿ ಹಲಗೆಯನ್ನು ಸವರಿ ನೋಡಿ. ನುಣುಪಾಗಿದ್ದರೆ ಚೌಕಾಸಿ ಮಾಡಬಹುದು; ನಡುವೆ ಸವೆದು ಒರಟಾಗಿದ್ದರೆ ಬೇಡ.

ಅಕ್ಕ ಕಡೆಗೂ ಪುಣೆಯಿಂದ ಯಂತ್ರವನ್ನು ತರಿಸಲಿಲ್ಲ. ಕಲಬುರಗಿಗೆ ತಾನೇ ಬಂದು, ಮೂರು ಅಂಗಡಿ ತಿರುಗಿ, ಹಾಡಿನ ಪೆಟ್ಟಿಗೆಯಿಲ್ಲದ ಉದ್ದ ಹಿಡಿಕೆಯದೊಂದನ್ನು ಸ್ವತಃ ಮಡಚಿ ನೋಡಿ ಕೊಂಡಳು. ಈಗ ಪಡಸಾಲೆಯಲ್ಲಿ ಕಾಳಿನ ಚೀಲಗಳ ಪಕ್ಕಕ್ಕೆ ಅದು ನಿಂತಿದೆ. ಎರಡು ತಿಂಗಳ ಮೇಲೆ ಮತ್ತೆ ಫೋನು ಬಂತು.

“ತಮ್ಮಾ, ಮಷಿನ್ ಕಿರ್ ಕಿರ್ ಅನ್ಲಿಕತ್ತದ. ಒಂದೀಟು ಕುಸುಬಿ ಎಣ್ಣಿ ಬಿಡಲೇನು?”

ಬೇಡವೆಂದೆ. ಕುಸುಬೆ ಎಣ್ಣೆಯಾಗಲಿ, ಹೊಲಿಗೆ ಯಂತ್ರದ ಎಣ್ಣೆಯಾಗಲಿ ರಬ್ಬರನ್ನು ಕೆಡಿಸಿ, ಧೂಳನ್ನು ಅಂಟಾಗಿ ಹಿಡಿದು, ಜಾರುವುದಕ್ಕೆ ಬದಲು ಕಚ್ಚುವಂತೆ ಮಾಡುತ್ತದೆ. ಯಂತ್ರದ ಜೊತೆಗೇ ಕೊಟ್ಟ ಸಿಲಿಕೋನ್ ಎಣ್ಣೆಯನ್ನು, ಪಟ್ಟಿಯ ಅಂಚನ್ನೆತ್ತಿ, ಹಲಗೆಯ ನಡುವಿಗೆ ಎರಡು ಗೆರೆಯಷ್ಟು ಬಿಟ್ಟು, ಐದು ನಿಮಿಷ ಮೆಲ್ಲನೆ ಓಡಿಸಬೇಕು. ನಮ್ಮ ಕಡೆಯ ಧೂಳಿಗೆ ತಿಂಗಳಿಗೊಮ್ಮೆಯಾದರೂ ಪಟ್ಟಿಯ ಅಡಿಯನ್ನು ಒಣ ಬಟ್ಟೆಯಿಂದ ಒರೆಸಬೇಕು. ಪಟ್ಟಿ ಎಡಕ್ಕೆ ಸರಿದರೆ ಎಡಗಡೆಯ ಹಿಂದಿನ ತಿರುಪನ್ನು ಕಾಲು ಸುತ್ತು ಬಿಗಿ ಮಾಡುವುದು, ಬಲಕ್ಕೆ ಸರಿದರೆ ಬಲಗಡೆಯದನ್ನು. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಆರು ಮೂಲೆಯ ಆ ಚಿಕ್ಕ ಕೀಲಿಯನ್ನು ಎಲ್ಲಿಟ್ಟಿದ್ದೀಯೆಂದು ಕೇಳಿದೆ.

“ಕೆಂಪ್ ಕೀಲಿ ಸಂಗಾಟ, ದೇವರ ಜಗಲಿ ಮ್ಯಾಲಿನ ಗೂಟಕ್ಕ,” ಎಂದಳು.